ಕುರ್ಲಾದ ಎಳೆಯರು ಮತ್ತು ಸ್ವಹಾನಿಯ ಸಾಮಾಜಿಕ ಹಿನ್ನೆಲೆ: ಒಂದು ಚಾರಿತ್ರಿಕ ವಿವೇಚನೆ

ಮುಂಬಯಿ ಕನ್ನಡಿಗರನ್ನು ಕುರಿತ ಚರಿತ್ರೆಯ ಬರವಣಿಗೆಯಲ್ಲಿ ಸಂಘಸಂಸ್ಥೆಗಳಿಗೆ ಮೊದಲ ಸ್ಥಾನ ಸಂದಿದೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ ಇವುಗಳ ಸಾಧನೆ, ಹೋಟೆಲು ಉದ್ಯಮದ ಬೆಳವಣಿಗೆ, ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರ ಜೀವನ ವೃತ್ತಾಂತ, ಯಕ್ಷಗಾನ ಮತ್ತು ರಂಗಭೂಮಿಯ ಪೋಷಣೆ ಇವೆಲ್ಲ ಸ್ಮರಣಸಂಚಿಕೆಗಳಲ್ಲಿಯೂ ಪ್ರೌಢಪ್ರಬಂಧಗಳಲ್ಲಿಯೂ ಸಾಕಷ್ಟು ದಾಖಲಾಗಿವೆ. ಈ ಕಾರ್ಯ ಅಗತ್ಯವಾಗಿತ್ತು. ಆದರೆ ಇದು ಬಹುಮಟ್ಟಿಗೆ ಗೆದ್ದವರ ಚರಿತ್ರೆ. ಅದೇ ಚಾಳುಗಳಲ್ಲಿ ಬೆಳೆದು, ಬದುಕಿನ ಭಾರ ತಾಳಲಾರದೆ ತಮಗೆ ತಾವೇ ಹಾನಿ ಮಾಡಿಕೊಂಡ ಎಳೆಯರ ವಿಷಯದಲ್ಲಿ ಈ ಬರವಣಿಗೆ ಮೌನವಾಗಿದೆ. ಆ ಮೌನಕ್ಕೆ ಕಾರಣಗಳೇನು, ಆ ಎಳೆಯರ ಸಂಕಟಕ್ಕೆ ಹಿನ್ನೆಲೆಯಾದ ಕುಟುಂಬ ಮತ್ತು ಸಮಾಜದ ಸ್ಥಿತಿಗಳು ಹೇಗೆ ರೂಪುಗೊಂಡವು ಎಂಬುದನ್ನು ಕುರ್ಲಾ ಎಂಬ ಒಂದು ಉಪನಗರವನ್ನು ಕಣ್ಣಮುಂದಿರಿಸಿಕೊಂಡು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪರಿಭಾಷೆಯ ಪ್ರಶ್ನೆ

ಮೊದಲಿಗೆ ಶಬ್ದಗಳ ವಿಚಾರ. ಕನ್ನಡದಲ್ಲಿ ರೂಢಿಯಲ್ಲಿರುವ 'ಆತ್ಮಹತ್ಯೆ' ಎಂಬ ಶಬ್ದದಲ್ಲಿಯೇ 'ಹತ್ಯೆ' ಅಡಗಿದೆ; ಶಬ್ದ ಉಚ್ಚರಿಸಿದೊಡನೆ ಪಾಪ ಮತ್ತು ಅಪರಾಧಗಳ ನೆರಳು ಬೀಳುತ್ತದೆ. ತನಗೆ ತಾನೇ ಗಾಯ ಅಥವಾ ಕೇಡು ಮಾಡಿಕೊಳ್ಳುವ ಎಲ್ಲ ಎಳೆಯರೂ ಸಾವನ್ನು ಬಯಸಿರುವುದಿಲ್ಲ. ಸಹಿಸಲಾಗದ ನೋವಿನಿಂದ ಒಂದು ಗಳಿಗೆಯ ಬಿಡುಗಡೆಯನ್ನು ಬಯಸಿರುವವರೇ ಅನೇಕರು. ಹಾಗೆಂದು ಅದನ್ನು ಹಗುರವಾಗಿ ಎಣಿಸುವಂತೆಯೂ ಇಲ್ಲ. ಒಮ್ಮೆ ಹೀಗೆ ಮಾಡಿಕೊಂಡವರಿಗೆ ಮುಂದೆ ಹೆಚ್ಚಿನ ಅಪಾಯವಿರುತ್ತದೆ ಎಂಬುದನ್ನು ಜಗತ್ತಿನ ಎಲ್ಲೆಡೆಯ ಅಧ್ಯಯನಗಳು ಒಪ್ಪಿವೆ. ಈ ವ್ಯಾಪಕವಾದ ಅರ್ಥದಲ್ಲಿ ನಾವು ಇಲ್ಲಿ 'ಸ್ವಹಾನಿ' ಎಂಬ ಶಬ್ದವನ್ನು ಬಳಸುತ್ತೇವೆ.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಕರ್ನಾಟಕದ ಚರಿತ್ರೆಯಲ್ಲಿ ಸ್ವಇಚ್ಛೆಯ ಮರಣಕ್ಕೆ ಸಂಬಂಧಿಸಿದ ಆಕರಗಳು ಹೇರಳವಾಗಿವೆ. ಶ್ರವಣಬೆಳಗೊಳದ ನಿಸಿದಿ ಶಾಸನಗಳು, ಮಾಸ್ತಿಗಲ್ಲುಗಳು, ಹೊಯ್ಸಳ ಎರಡನೆಯ ಬಲ್ಲಾಳನ ಕಾಲದ ಕುವರ ಲಕ್ಷ್ಮನನ್ನು ಕುರಿತ ಹಳೇಬೀಡಿನ ಶಾಸನ ಮೊದಲಾದವು ನಮ್ಮ ಸಂಶೋಧಕರಿಗೆ ಪರಿಚಿತವೇ. ಆದರೆ ವ್ರತ, ಸ್ವಾಮಿನಿಷ್ಠೆ, ಸಮುದಾಯದ ಮನ್ನಣೆ ಇವುಗಳಿಂದ ಆವೃತವಾದ ಆ ಮರಣಗಳಿಗೂ ಇಂದಿನ ಹದಿಹರೆಯದವರ ಏಕಾಂತ ಸಂಕಟಕ್ಕೂ ಸಂಬಂಧ ಕಲ್ಪಿಸುವುದು ವಿಧಾನದ ದೃಷ್ಟಿಯಿಂದ ಸರಿಯಲ್ಲ. ಅಲ್ಲಿ ಸಮಾಜ ಕಲ್ಲು ನಿಲ್ಲಿಸಿತು. ಇಲ್ಲಿ ಸಮಾಜ ಬಾಗಿಲು ಮುಚ್ಚಿಕೊಂಡಿತು. ಈ ವ್ಯತ್ಯಾಸವೇ ನಮ್ಮ ವಿಷಯದ ತಿರುಳು.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೀಮ್ 1897ರಷ್ಟು ಹಿಂದೆಯೇ ಈ ವಿಷಯವನ್ನು ವ್ಯಕ್ತಿಯ ದೌರ್ಬಲ್ಯದ ನೆಲೆಯಿಂದ ಎತ್ತಿ ಸಮಾಜದ ಕಟ್ಟುಪಾಡಿನ ನೆಲೆಗೆ ತಂದನು. ವ್ಯಕ್ತಿಯನ್ನು ಸಮುದಾಯಕ್ಕೆ ಕಟ್ಟಿಹಾಕುವ ಬಂಧಗಳು ಸಡಿಲವಾದಾಗಲೂ ಅತಿಯಾಗಿ ಬಿಗಿಯಾದಾಗಲೂ ಅಪಾಯ ಹೆಚ್ಚುತ್ತದೆ ಎಂಬುದು ಅವನ ಪ್ರತಿಪಾದನೆಯ ಸಾರ. ಅವನ ಅಂಕಿಅಂಶಗಳ ಬಗ್ಗೆ ಅನಂತರ ಹಲವು ಆಕ್ಷೇಪಗಳು ಬಂದಿವೆ. ಆದರೂ ವಲಸೆಯ ಚರಿತ್ರೆಯನ್ನು ಓದುವವರಿಗೆ ಈ ಮೂಲ ಪ್ರಶ್ನೆ ಇಂದಿಗೂ ಉಪಯುಕ್ತ. ವಲಸೆಯೆಂದರೆ ಒಂದು ಬಂಧ ಸಡಿಲವಾಗಿ ಇನ್ನೊಂದು ಬಿಗಿಯಾಗುವ ಕ್ರಿಯೆಯೇ ಅಲ್ಲವೆ?

ಕುರ್ಲಾ: ಗಿರಣಿ, ಕಾರ್ಖಾನೆ, ರೈಲು

ಸಾಷ್ಟಿ ದ್ವೀಪದ ಒಂದು ಗ್ರಾಮವಾಗಿದ್ದ ಕುರ್ಲಾ ಔದ್ಯೋಗಿಕ ಕೇಂದ್ರವಾದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1886ರಲ್ಲಿ ಜಮ್‌ಶೇಟ್‌ಜಿ ಟಾಟಾ ಅವರು ಇಲ್ಲಿನ ಧರಮ್‌ಸಿ ಗಿರಣಿಯನ್ನು ಕೊಂಡು ಅದಕ್ಕೆ ಸ್ವದೇಶಿ ಮಿಲ್ ಎಂಬ ಹೆಸರಿಟ್ಟರು. 1925ರ ಫೆಬ್ರವರಿ 3ರಂದು ಭಾರತದ ಮೊದಲ ವಿದ್ಯುತ್ ರೈಲು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿತು. 1944ರಲ್ಲಿ ಸ್ಥಾಪಿತವಾದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯ ಕಾರ್ಖಾನೆಯೂ ಕುರ್ಲಾದಲ್ಲಿಯೇ ಬೆಳೆಯಿತು. 1950ರಲ್ಲಿ ಈ ಪ್ರದೇಶ ಬೃಹನ್ಮುಂಬಯಿಗೆ ಸೇರಿತು. 1991ರಲ್ಲಿ ಲೋಕಮಾನ್ಯ ತಿಲಕ್ ಟರ್ಮಿನಸ್ ಇಲ್ಲಿ ಆರಂಭವಾಯಿತು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡ ಮೇಲೆ ಕರಾವಳಿ ಕರ್ನಾಟಕದಿಂದ ಬರುವವರು ಮುಂಬಯಿಯ ನೆಲದ ಮೇಲೆ ಮೊದಲ ಹೆಜ್ಜೆ ಇಡುವ ಜಾಗವೇ ಕುರ್ಲಾ ಆಯಿತು. ಕುರ್ಲಾ ಪೂರ್ವದಲ್ಲಿರುವ ಬಂಟರ ಭವನ ಈ ಸಂಬಂಧದ ಇನ್ನೊಂದು ಹೆಗ್ಗುರುತು.

ಈ ಬೆಳವಣಿಗೆಗೆ ಇನ್ನೊಂದು ಮುಖವಿದೆ. 1982ರ ಜನವರಿ 18ರಂದು ದತ್ತಾ ಸಾಮಂತ್ ಅವರ ನೇತೃತ್ವದಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಪಾಲ್ಗೊಂಡರು. ಅವರಲ್ಲಿ ಬಹಳಷ್ಟು ಮಂದಿ ಮತ್ತೆ ಗಿರಣಿಯ ಮುಖ ನೋಡಲಿಲ್ಲ. ಶತಮಾನದ ತಿರುವಿನ ಹೊತ್ತಿಗೆ ಸ್ವದೇಶಿ ಮಿಲ್ ಮುಚ್ಚಿತು. ಪ್ರೀಮಿಯರ್ ಕಾರುಗಳ ತಯಾರಿಕೆಯೂ ಅದೇ ಸುಮಾರಿಗೆ ನಿಂತಿತು. ಮುಂಬಯಿಯ ಗಿರಣಿ ಕಾರ್ಮಿಕರ ಹೋರಾಟವನ್ನು ವ್ಯಾಸರಾಯ ಬಲ್ಲಾಳರು 'ಬಂಡಾಯ' ಕಾದಂಬರಿಯ ವಸ್ತುವಾಗಿಸಿದರು. ಆ ಕೃತಿಗೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪುರಸ್ಕಾರ ದೊರೆಯಿತು. ಹೋರಾಟಕ್ಕೆ ಕಾದಂಬರಿ ದೊರೆತಿತು. ಆದರೆ ಕೆಲಸ ಹೋದ ತಂದೆ ಹಗಲೆಲ್ಲ ಮನೆಯಲ್ಲಿ ಕುಳಿತಿರುವುದನ್ನು ನೋಡುತ್ತ ಬೆಳೆದ ಮಕ್ಕಳ ಅನುಭವ ಚರಿತ್ರೆಯ ವಸ್ತುವಾಗಲಿಲ್ಲ. ತಂದೆಯ ನಿರುದ್ಯೋಗ, ಸಾಲ, ಕುಡಿತ, ಮನೆಯೊಳಗಿನ ಹೊಡೆತಬಡಿತ ಇವು ಒಂದರ ಬೆನ್ನಿಗೊಂದು ಬರುವ ಸಂಗತಿಗಳು. ಎಳೆಯರ ಸ್ವಹಾನಿಗೆ ಸಂಬಂಧಿಸಿದಂತೆ ಅಧ್ಯಯನಗಳು ಗುರುತಿಸುವ ಮುಖ್ಯ ಅಪಾಯಾಂಶಗಳೂ ಇವೇ.

2005ರ ಜುಲೈ 26ರಂದು ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಮಿಠಿ ನದಿಯ ಅಂಚಿನ ಕುರ್ಲಾದ ವಸತಿಗಳು ನೀರಿನಲ್ಲಿ ಮುಳುಗಿದವು. 2020ರ ಲಾಕ್‌ಡೌನ್ ಕಾಲದಲ್ಲಿ ಹೋಟೆಲುಗಳು ಮುಚ್ಚಿದವು, ಒಂದೇ ಖೋಲಿಯಲ್ಲಿ ಇಡೀ ಕುಟುಂಬ ತಿಂಗಳುಗಟ್ಟಲೆ ಕಳೆಯಬೇಕಾಯಿತು, ಶಾಲೆ ಮೊಬೈಲಿನ ಪರದೆಯೊಳಗೆ ಸೇರಿತು. ಗಿರಣಿ, ನೆರೆ, ಸಾಂಕ್ರಾಮಿಕ ಈ ಮೂರೂ ಬೇರೆ ಬೇರೆ ಘಟನೆಗಳು. ಆದರೆ ಒಂದೇ ಓಣಿಯ ಒಂದೇ ಮನೆತನದ ಮೂರು ತಲೆಮಾರುಗಳ ಮೇಲೆ ಇವು ಪದರಪದರವಾಗಿ ಕುಳಿತಿವೆ ಎಂಬುದನ್ನು ಚರಿತ್ರಕಾರ ಮರೆಯಬಾರದು.

ಕುಟುಂಬದ ರೂಪಾಂತರ

ಮುಂಬಯಿಗೆ ಬಂದ ತುಳುನಾಡಿನ ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿ ನೆಲೆಗೊಂಡಿತ್ತು. ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು, ಸೋದರಮಾವ ಯಜಮಾನ, ಅಜ್ಜಿ, ಚಿಕ್ಕಮ್ಮ, ದೊಡ್ಡಮ್ಮಂದಿರು ತುಂಬಿದ ಮನೆ. 1949ರ ಮದರಾಸು ಅಳಿಯಸಂತಾನ ಕಾಯಿದೆ ಕುಟುಂಬದ ಪಾಲಾಗುವಿಕೆಗೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಮತ್ತು 1974ರ ಭೂಸುಧಾರಣಾ ತಿದ್ದುಪಡಿ ಆ ವ್ಯವಸ್ಥೆಯ ಆರ್ಥಿಕ ತಳಹದಿಯನ್ನು ಇನ್ನಷ್ಟು ಬದಲಿಸಿದವು. ಮುಂಬಯಿಯ ಖೋಲಿಯಲ್ಲಿ ಉಳಿದದ್ದು ತಂದೆ, ತಾಯಿ ಮತ್ತು ಮಕ್ಕಳ ಸಣ್ಣ ಸಂಸಾರ.

ಹಳೆಯ ಕುಟುಂಬವನ್ನು ಸುವರ್ಣಯುಗವೆಂದು ಬಣ್ಣಿಸುವುದು ನಮ್ಮ ಉದ್ದೇಶವಲ್ಲ. ಅಲ್ಲಿಯೂ ದರ್ಪವಿತ್ತು, ಕಲಹವಿತ್ತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಆ ಮನೆಯಲ್ಲಿ ಒಬ್ಬ ಹಿರಿಯರು ಮುನಿದರೆ ಮಗುವಿಗೆ ಇನ್ನೊಬ್ಬರ ಮಡಿಲಿತ್ತು. ಖೋಲಿಯಲ್ಲಿ ಆ ಇನ್ನೊಬ್ಬರಿಲ್ಲ. ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೂ ನಗರದ ಇತರ ದುಡಿಮೆಗೂ ಬಂದ ಕುಟುಂಬಗಳ ಸ್ಥಿತಿ ಇನ್ನೂ ಕಷ್ಟದ್ದು. ಅಲ್ಲಿ ತಂದೆತಾಯಿ ಇಬ್ಬರೂ ಬೆಳಗಿನಿಂದ ಹೊರಗಿರುತ್ತಾರೆ. ಮನೆಯ ಜವಾಬ್ದಾರಿ ಹಿರಿಯ ಮಗಳ ಮೇಲೆ ಬೀಳುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಚಿತ್ರವೂ ಇದೆ. ಹತ್ತು ಹನ್ನೆರಡು ವರ್ಷದ ಹುಡುಗರು ಊರಿನಿಂದ ಒಬ್ಬಂಟಿಯಾಗಿ ಬಂದು ಹೋಟೆಲು ಸೇರುತ್ತಿದ್ದ ಕಾಲವದು. ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಕಲಿತು ದೊಡ್ಡವರಾದವರ ಕತೆಗಳನ್ನು ನಾವು ಅಭಿಮಾನದಿಂದ ಹೇಳುತ್ತ ಬಂದಿದ್ದೇವೆ. 1986ರ ಬಾಲಕಾರ್ಮಿಕ ಕಾಯಿದೆಯ ನಿಷೇಧಿತ ಉದ್ಯೋಗಗಳ ಪಟ್ಟಿಗೆ ಹೋಟೆಲು ಮತ್ತು ಮನೆಗೆಲಸ ಸೇರಿದ್ದು 2006ರ ಅಕ್ಟೋಬರ್ 10ರಂದು ಮಾತ್ರ. ಅದಕ್ಕೆ ಹಿಂದಿನ ದಶಕಗಳಲ್ಲಿ ತಾಯಿಯ ಮುಖ ಕಾಣದೆ, ಹೆದರಿ, ಅತ್ತು, ಕಾಹಿಲೆ ಬಿದ್ದು ಊರಿಗೆ ಮರಳಿದ ಅಥವಾ ಮರಳದೇ ಹೋದ ಹುಡುಗರ ಪಟ್ಟಿಯನ್ನು ಯಾರೂ ಇಡಲಿಲ್ಲ. ರಾತ್ರಿಶಾಲೆ ಅಕ್ಷರ ಕಲಿಸಿತು. ಅಷ್ಟೇ ಮುಖ್ಯವಾಗಿ, ದಿನಕ್ಕೊಮ್ಮೆ ಹುಡುಗನ ಹೆಸರು ಹಿಡಿದು ಕರೆದು, ಬಂದಿದ್ದಾನೆಯೇ ಇಲ್ಲವೇ ಎಂದು ನೋಡುವ ಒಬ್ಬ ಮೇಷ್ಟರನ್ನು ಅದು ಒದಗಿಸಿತು. ಹಾಜರಿ ಪುಸ್ತಕವನ್ನು ಈ ದೃಷ್ಟಿಯಿಂದಲೂ ಓದಬೇಕೆಂಬುದು ನಮ್ಮ ಸೂಚನೆ.

ಹೆಣ್ಣುಮಕ್ಕಳ ವಿಷಯದಲ್ಲಿ ಬಂಧಗಳು ಸಡಿಲವಾದವು ಎನ್ನುವುದಕ್ಕಿಂತ ಬಿಗಿಯಾದವು ಎನ್ನುವುದೇ ಸರಿ. ಪರವೂರಿನಲ್ಲಿ ಮಾನ ಕಾಯಬೇಕೆಂಬ ಆತಂಕ ಹುಡುಗಿಯ ಓಡಾಟ, ಸ್ನೇಹ, ಓದು, ಮದುವೆ ಎಲ್ಲದರ ಮೇಲೂ ಕಣ್ಣಿಡುತ್ತದೆ. ಜಾತಿ ಮೀರಿದ ಪ್ರೀತಿ, ಬಲವಂತದ ಸಂಬಂಧ, ಮನೆಯೊಳಗೇ ನಡೆಯುವ ಲೈಂಗಿಕ ಕಿರುಕುಳ ಇವನ್ನು ಹೇಳಿಕೊಳ್ಳಲು ಜಾಗವೇ ಇರುವುದಿಲ್ಲ. ತಮ್ಮ ಒಲವು ರೂಢಿಗಿಂತ ಭಿನ್ನವೆಂದು ಅರಿತ ಎಳೆಯರ ಪಾಡೂ ಇದೇ. 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಕಾನೂನಿನ ಭಯವನ್ನು ನೀಗಿಸಿದರೂ ಮನೆಯ ಭಯವನ್ನು ನೀಗಿಸಲಾರದು.

ಶಾಲೆ, ಪರೀಕ್ಷೆ ಮತ್ತು ಭಾಷೆ

ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷಾಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸಿದ ಸಂಸ್ಥೆ; ಕನ್ನಡ ಅವುಗಳಲ್ಲೊಂದು. ಈ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗುತ್ತ ಬಂದುದನ್ನು ನಮ್ಮ ವಿದ್ವಾಂಸರು ಭಾಷೆಯ ಅಳಿವುಉಳಿವಿನ ಪ್ರಶ್ನೆಯಾಗಿ ಚರ್ಚಿಸಿದ್ದಾರೆ. ಅದು ಮಕ್ಕಳ ಮನಸ್ಸಿನ ಪ್ರಶ್ನೆಯೂ ಹೌದು. ಕುರ್ಲಾದ ಒಬ್ಬ ಹುಡುಗಿ ಮನೆಯಲ್ಲಿ ತುಳು ಅಥವಾ ಕನ್ನಡ, ಓಣಿಯಲ್ಲಿ ಹಿಂದಿ, ಕಚೇರಿಯಲ್ಲಿ ಮರಾಠಿ, ತರಗತಿಯಲ್ಲಿ ಇಂಗ್ಲಿಷು ಬಳಸಬೇಕಾಗುತ್ತದೆ. ಶಾಲೆಯ ಪ್ರಗತಿಪತ್ರವನ್ನು ತಾಯಿ ಓದಲಾರಳು. ತಾಯಿಯ ಬೈಗುಳದ ಹಿಂದಿರುವ ಅಕ್ಕರೆಯನ್ನು ಶಾಲೆಯ ಶಿಕ್ಷಕಿ ಅರಿಯಲಾರಳು. ಕನ್ನಡದಲ್ಲಿ 'ಬೇಸರ' ಎಂಬ ಒಂದೇ ಶಬ್ದ ಹೊತ್ತು ಹೋಗದಿರುವುದರಿಂದ ಮೊದಲುಗೊಂಡು ಬದುಕೇ ಬೇಡವೆನಿಸುವವರೆಗಿನ ಎಲ್ಲ ಸ್ಥಿತಿಗಳನ್ನೂ ಸೂಚಿಸಬಲ್ಲದು. 'ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ' ಎಂದು ನೆರೆಮನೆಯಾಕೆ ಹೇಳಿದರೆ ಅದು ಚಾಡಿಯೋ ಮುನ್ಸೂಚನೆಯೋ ಎಂಬುದನ್ನು ಆ ಭಾಷೆ ಬಲ್ಲವರೇ ತಿಳಿಯಬೇಕು. ನೋವನ್ನು ಹೇಳಿಕೊಳ್ಳಲು ಭಾಷೆ ಒದಗದಿರುವುದೂ ಒಂದು ಅಪಾಯಾಂಶವೆಂದು ಎಣಿಸಬೇಕು ಎಂಬುದು ನಮ್ಮ ವಾದ.

ಪರೀಕ್ಷೆಯ ವಿಷಯಕ್ಕೆ ಬಂದರೆ, ಮಹಾರಾಷ್ಟ್ರದಲ್ಲಿ ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣರಾದವರಿಗೆ 2015ರಿಂದ ಕೆಲವೇ ವಾರಗಳೊಳಗೆ ಮರುಪರೀಕ್ಷೆ ಏರ್ಪಟ್ಟಿತು. ಒಂದು ವರ್ಷ ಹಾಳಾಯಿತೆಂಬ ಭಾವವನ್ನು ಕಳೆಯುವ ಇಂಥ ಆಡಳಿತಾತ್ಮಕ ಕ್ರಮಗಳ ಬೆಲೆ ದೊಡ್ಡದು. ಆದರೆ ಪರೀಕ್ಷೆಯನ್ನು ಒಂಟಿ ಕಾರಣವೆಂದು ಹೆಸರಿಸುವುದು ತಪ್ಪು ದಾರಿಗೆಳೆಯುತ್ತದೆ. ಮಗ ಪಾಸಾದರೆ ಈ ಓಣಿಯಿಂದ ಪಾರಾದೆವು ಎಂದು ಮೂರು ತಲೆಮಾರು ಕಾದು ಕುಳಿತ ಮನೆಯಲ್ಲಿ ಅಂಕಪಟ್ಟಿ ಕೇವಲ ಅಂಕಪಟ್ಟಿಯಾಗಿ ಉಳಿಯುವುದಿಲ್ಲ. ಸಹಪಾಠಿಗಳ ಅವಹೇಳನ, ಜಾತಿಯ ಕಾರಣಕ್ಕೆ ಬರುವ ತಾತ್ಸಾರ ಇವೂ ಅದಕ್ಕೆ ಕೂಡಿಕೊಳ್ಳುತ್ತವೆ.

ಕಾನೂನು ಮತ್ತು ಮೌನ

ಈಗ ಆಕರಗಳ ಮೌನಕ್ಕೆ ಬರೋಣ. 1860ರ ಭಾರತೀಯ ದಂಡಸಂಹಿತೆಯ 309ನೆಯ ಕಲಮು ಆತ್ಮಹತ್ಯೆಯ ಪ್ರಯತ್ನವನ್ನು ಒಂದು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧವನ್ನಾಗಿಸಿತು. ಹೀಗಾಗಿ ಮಗುವನ್ನು ಆಸ್ಪತ್ರೆಗೆ ಒಯ್ದ ತಂದೆತಾಯಿಗೆ ವೈದ್ಯರಿಗಿಂತ ಮೊದಲು ಪೋಲೀಸರ ನೆನಪಾಗುತ್ತಿತ್ತು. ಕೈತಪ್ಪಿ ಆದದ್ದು, ಕಾಲುಜಾರಿ ಆದದ್ದು ಎಂದು ಬರೆಯಿಸುವುದು ಮಗುವನ್ನು ಉಳಿಸಿಕೊಳ್ಳುವ ಉಪಾಯವೇ ಆಗಿತ್ತು. ಈ ಕಲಮಿನ ಚರಿತ್ರೆಯಲ್ಲಿ ಮುಂಬಯಿಗೆ ವಿಶೇಷ ಸ್ಥಾನವಿದೆ. 1986ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಮಾರುತಿ ಶ್ರೀಪತಿ ದುಬಾಲ್ ಪ್ರಕರಣದಲ್ಲಿ ಇದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. 1994ರಲ್ಲಿ ಪಿ. ರತಿನಂ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದೇ ಅಭಿಪ್ರಾಯಕ್ಕೆ ಬಂದಿತು. ಆದರೆ 1996ರಲ್ಲಿ ಗ್ಯಾನ್ ಕೌರ್ ಪ್ರಕರಣದಲ್ಲಿ ಐವರು ನ್ಯಾಯಾಧೀಶರ ಪೀಠ ಕಲಮನ್ನು ಮರಳಿ ಊರ್ಜಿತಗೊಳಿಸಿತು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ಕಲಮು, ಇಂಥ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು, ಅವರ ಆರೈಕೆ ಸರಕಾರದ ಹೊಣೆ ಎಂದು ವಿಧಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ನೆಯ ಕಲಮಿನ ಸಾಮಾನ್ಯ ಅಪರಾಧ ಉಳಿದಿಲ್ಲ. ಸರಕಾರಿ ನೌಕರನ ಕರ್ತವ್ಯಕ್ಕೆ ತಡೆಯೊಡ್ಡುವ ಅಥವಾ ಅವನನ್ನು ಒತ್ತಾಯಿಸುವ ಉದ್ದೇಶದ ಪ್ರಯತ್ನಕ್ಕೆ ಮಾತ್ರ 226ನೆಯ ಕಲಮು ಅನ್ವಯಿಸುತ್ತದೆ. ನೂರೈವತ್ತು ವರ್ಷಗಳಿಗೂ ಮೀರಿದ ಈ ಕಾನೂನು ಕಲಿಸಿದ ಮೌನ ಮಾತ್ರ ಒಂದು ದಿನದಲ್ಲಿ ಹೋಗುವಂಥದಲ್ಲ.

ಅಂಕಿಅಂಶಗಳನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಕಾರ್ಯಾಲಯದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಹೀಗೆ ಪ್ರಾಣ ಕಳೆದುಕೊಂಡರು; ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಒಟ್ಟು ಪ್ರಕರಣಗಳಲ್ಲಿ ಶೇಕಡಾ 31.7ಕ್ಕೆ 'ಕೌಟುಂಬಿಕ ಸಮಸ್ಯೆ' ಕಾರಣವೆಂದು ನಮೂದಾಗಿದೆ. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನ 2010ರ ಸಾವುಗಳನ್ನು ಸುಮಾರು 1,87,000 ಎಂದು ಅಂದಾಜಿಸಿತು. ಅದರ ಪ್ರಕಾರ ಪುರುಷರ ಇಂಥ ಸಾವುಗಳಲ್ಲಿ ಶೇಕಡಾ 40ರಷ್ಟು, ಸ್ತ್ರೀಯರಲ್ಲಿ ಶೇಕಡಾ 56ರಷ್ಟು 15ರಿಂದ 29 ವರ್ಷ ವಯಸ್ಸಿನವರದು. ಇವು ಸಾವಿನ ಲೆಕ್ಕಗಳು. ಬದುಕುಳಿದವರ ಸಂಕಟ ಇವುಗಳ ಹೊರಗಿದೆ. ಅಲ್ಲದೆ, 'ಕೌಟುಂಬಿಕ ಸಮಸ್ಯೆ' ಎಂಬುದು ಪೋಲೀಸು ದಾಖಲೆಯ ಒಂದು ಅಂಕಣವೇ ಹೊರತು ವಿವರಣೆಯಲ್ಲ. ಮುಚ್ಚಿದ ಗಿರಣಿ, ಮುಳುಗಿದ ಮನೆ, ಸಾಲಗಾರನ ಕಾಟ, ಚಿಕಿತ್ಸೆ ಸಿಗದ ಖಿನ್ನತೆ ಇವೆಲ್ಲ ಆ ಎರಡು ಶಬ್ದಗಳೊಳಗೆ ಕರಗಿಹೋಗುತ್ತವೆ. ಕೊನೆಗೆ ದೋಷವೆಲ್ಲ ಒಬ್ಬ ತಾಯಿಯ ಅಥವಾ ಒಬ್ಬ ತಂದೆಯ ತಲೆಯ ಮೇಲೆ ಬಂದು ಕೂರುತ್ತದೆ.

ಸಂಶೋಧಕರ ಹೊಣೆ

ಅಪಾಯಾಂಶಗಳೆಂದರೆ ವಿಧಿಯಲ್ಲ. ಇದೇ ಓಣಿಗಳಲ್ಲಿ, ಇದೇ ಕಷ್ಟಗಳ ನಡುವೆ ಬಹುಪಾಲು ಎಳೆಯರು ಬದುಕನ್ನು ಕಟ್ಟಿಕೊಂಡಿದ್ದಾರೆ. ನಂಬಿಕೆಯಿಂದ ಮಾತಾಡಬಹುದಾದ ಒಬ್ಬ ಹಿರಿಯರು, ಶಾಲೆಯೊಂದಿಗೆ ನಂಟು, ಸ್ನೇಹಿತರ ಬಳಗ, ಸಕಾಲದ ಚಿಕಿತ್ಸೆ ಇವು ಕಾಯುವ ಶಕ್ತಿಗಳೆಂದು ಅಧ್ಯಯನಗಳು ಹೇಳುತ್ತವೆ. ಮುಂಬಯಿಗೆ ಈ ವಿಷಯದಲ್ಲಿ ಒಂದು ಪರಂಪರೆಯೂ ಇದೆ. 1936ರಲ್ಲಿ ಆರಂಭವಾದ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ 1937ರಲ್ಲಿಯೇ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವನ್ನು ತೆರೆಯಿತು. ಮಗುವಿನ ವರ್ತನೆಯನ್ನು ಮನೆ ಮತ್ತು ಶಾಲೆಯ ಸಂದರ್ಭದಲ್ಲಿಟ್ಟು ನೋಡುವ ಕ್ರಮ ಅಲ್ಲಿಂದ ಬೆಳೆಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ಮೂಲಕ 14416 ಸಂಖ್ಯೆಗೆ ಕರೆಮಾಡಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ನೆರವು ಪಡೆಯಬಹುದು. ಸಂಕಟದಲ್ಲಿರುವವರಿಗೂ ಅವರ ಬಗ್ಗೆ ಕಳವಳಗೊಂಡವರಿಗೂ ಇದು ತೆರೆದಿದೆ. ಅದೇ ವರ್ಷದ ನವೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಕಾರ್ಯನೀತಿ 2030ರೊಳಗೆ ಇಂಥ ಸಾವುಗಳನ್ನು ಶೇಕಡಾ 10ರಷ್ಟು ತಗ್ಗಿಸುವ ಗುರಿಯಿಟ್ಟುಕೊಂಡಿದೆ.

ಹೊರನಾಡಿನ ಕನ್ನಡ ಸಂಶೋಧಕರು ಇಲ್ಲಿ ಏನು ಮಾಡಬಹುದು? ಮೊದಲನೆಯದಾಗಿ, ರಾತ್ರಿಶಾಲೆಗಳ ಹಾಜರಿ ಪುಸ್ತಕ, ಸಂಘಗಳ ವಿದ್ಯಾರ್ಥಿವೇತನದ ಕಡತ, ಪಾಲಿಕೆಯ ಕನ್ನಡ ಶಾಲೆಗಳ ದಾಖಲೆ ಇವುಗಳಲ್ಲಿ ನಡುವೆ ಬಿಟ್ಟುಹೋದವರ ಜಾಡನ್ನು ಹಿಡಿಯಬಹುದು. ಎರಡನೆಯದಾಗಿ, ಸಂಕಟವನ್ನು ಸೂಚಿಸುವ ಕನ್ನಡ, ತುಳು, ಕೊಂಕಣಿ ನುಡಿಗಟ್ಟುಗಳನ್ನು ಸಂಗ್ರಹಿಸಿ ಸಲಹಾಕಾರರಿಗೆ ಒದಗಿಸಬಹುದು. ಕುರ್ಲಾದ ನೆರೆಯ ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಂಥ ನೆಲೆಗಳಿಗೆ ಇದು ತಕ್ಕ ಕೆಲಸ. ಮೂರನೆಯದು ಸಂಯಮದ ವಿಷಯ. ಮಗುವನ್ನು ಕಳೆದುಕೊಂಡ ಮನೆಯ ಬಾಗಿಲು ತಟ್ಟಿ ಆಕರ ಕೇಳುವ ಹಕ್ಕು ನಮಗಿಲ್ಲ. ಹೆಸರು, ವಿಳಾಸ, ಘಟನೆ ನಡೆದ ರೀತಿ ಇವುಗಳ ವಿವರ ಚರಿತ್ರೆಗೆ ಬೇಕಿಲ್ಲ. ಅಂಥ ವಿವರಗಳ ಪ್ರಚಾರ ಇತರ ಎಳೆಯರಿಗೆ ಅಪಾಯಕಾರಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳನ್ನು ಎಚ್ಚರಿಸಿದೆ, ಭಾರತದ ಪತ್ರಿಕಾ ಮಂಡಳಿ 2019ರಲ್ಲಿ ಆ ಸೂಚನೆಗಳನ್ನು ಅಂಗೀಕರಿಸಿದೆ. ಪತ್ರಿಕೆಗೆ ಅನ್ವಯಿಸುವ ಮರ್ಯಾದೆ ಪ್ರೌಢಪ್ರಬಂಧಕ್ಕೂ ಅನ್ವಯಿಸುತ್ತದೆ.

ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಸಂಘಗಳು ಕಟ್ಟಿದ ಭವನಗಳಿಗೆ ಇರುವ ಸ್ಥಾನ ಇರಲಿ. ಅದರ ಪಕ್ಕದಲ್ಲಿ, ಆ ಸಂಘಗಳು ಯಾವ ಎಳೆಯರನ್ನು ತಲುಪಿದವು, ಯಾರನ್ನು ತಲುಪಲಾರದೆ ಹೋದವು ಎಂಬ ಪ್ರಶ್ನೆಯನ್ನೂ ಇರಿಸಬೇಕಾಗಿದೆ. ಉತ್ತರ ದೊರೆತಷ್ಟು ಮಟ್ಟಿಗೆ ಅದು ಮುಂದಿನ ಮಕ್ಕಳ ಉಪಯೋಗಕ್ಕೆ ಬರುತ್ತದೆ. ಈ ಸಂಶೋಧನೆಗೆ ಅಷ್ಟು ಪ್ರಯೋಜನ ಸಾಕು.